ಎಲೆ ಆಟಕ್ಕೂ ವಿಶ್ವಕಪ್ಪೇ?

ಹೊಸತೊಡಕಿನ ದಿನ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಯಾವ ತೋಟದಲ್ಲಿ ಇಸ್ಪೀಟು ನಡೆಯುತ್ತಿದೆ ಎಂಬುದು ಊರಿಗೂ ಗೊತ್ತು, ಪೊಲೀಸರಿಗೂ ಗೊತ್ತು. ‘ಎಲೆ ಆಡೋನು’ ಎಂದರೆ ಹೆಣ್ಣು ಕೊಡಲು ಹಿಂದೆಮುಂದೆ ನೋಡುವ ಕಡೆ, ಮಗ ಪೋಕೆಮಾನ್ ಕಾರ್ಡಿನ ಪ್ಯಾಕೆಟ್ ಕೇಳಿ ‘ಇದಕ್ಕೆ ವರ್ಲ್ಡ್ ಚಾಂಪಿಯನ್‌ಶಿಪ್ ಐತೆ ಕಣಪ್ಪ’ ಅಂದರೆ ಅಪ್ಪನಿಗೆ ಸಿಟ್ಟು ಬರುವುದು ಸಹಜ. ಮಗ ಹೇಳಿದ್ದು ಮಾತ್ರ ನಿಜ.

ಕಾರ್ಡು ಕೂಡಿಟ್ಟು ಆಡುವ ಈ ಬಗೆಯ ಆಟಗಳಿಗೆ ದಾರಿ ಮಾಡಿಕೊಟ್ಟದ್ದು ‘ಮ್ಯಾಜಿಕ್: ದ ಗ್ಯಾದರಿಂಗ್’. ಗಣಿತದ ಮೇಷ್ಟ್ರು ರಿಚರ್ಡ್ ಗಾರ್ಫೀಲ್ಡ್ ಕಟ್ಟಿದ ಆಟ, ಮಾರುಕಟ್ಟೆಗೆ ಬಂದದ್ದು 1993ರಲ್ಲಿ. ಮರುವರ್ಷದ ಆಗಸ್ಟ್‌ನಲ್ಲೇ ಅಮೆರಿಕದ ಮಿಲ್ವಾಕಿಯಲ್ಲಿ ಅದರ ಮೊದಲ ವಿಶ್ವ ಚಾಂಪಿಯನ್‌ಶಿಪ್ ನಡೆಯಿತು. ಫೈನಲ್‌ನಲ್ಲಿ ಫ್ರಾನ್ಸಿನ ಬರ್ಟ್ರಾಂಡ್ ಲೆಸ್ಟ್ರೀಯನ್ನು ಅಮೆರಿಕದ ಜ್ಯಾಕ್ ಡೋಲನ್ ಸೋಲಿಸಿದ.

ಇಸ್ಪೀಟಿನಲ್ಲಿ ಎಲ್ಲರಿಗೂ ಒಂದೇ ಕಟ್ಟು. ಇಲ್ಲಿ ಪ್ರತಿಯೊಬ್ಬನೂ ತನ್ನ ಕಟ್ಟನ್ನು ತಾನೇ ಆರಿಸಿ ತರುತ್ತಾನೆ. ಇಬ್ಬರಿಗೂ 20 ಅಂಕದ ಆಯುಸ್ಸು. ಸಾಮಾನ್ಯವಾಗಿ ಅದು ಸೊನ್ನೆಗಿಳಿದವನು ಸೋತ. ಲೆಸ್ಟ್ರೀಯದು ಬಿರುಸಿನ ದಾಳಿಯ ಕಟ್ಟು. ಡೋಲನ್‌ದು ತಾಳ್ಮೆಯದು. ಬಳಸಿದ ಕಾರ್ಡನ್ನು ಅಡ್ಡಕ್ಕೆ ತಿರುಗಿಸಿಡಬೇಕು, ನಿಮ್ಮ ಮುಂದಿನ ಸರದಿಗೆ ಅದನ್ನು ನೆಟ್ಟಗೆ ಮಾಡಿಕೊಂಡು ಮತ್ತೆ ಬಳಸಬಹುದು. ಡೋಲನ್‌ನ ‘ಸ್ಟೇಸಿಸ್’ ಎಂಬ ಕಾರ್ಡು ಮೇಜಿನ ಮೇಲಿದ್ದಷ್ಟು ಹೊತ್ತು ಯಾರೂ ನೆಟ್ಟಗೆ ಮಾಡುವಂತಿಲ್ಲ. ಆದರೆ ಅವನ ‘ಸೆರ್ರಾ ಏಂಜಲ್’ ದಾಳಿ ಮಾಡಿದರೂ ಅಡ್ಡ ತಿರುಗುವ ಕಾರ್ಡಲ್ಲ! ಎದುರಾಳಿ ಕೈಕಟ್ಟಿ ಕೂತಿರುವಾಗ ಏಟಿಗೆ 4ರಂತೆ ಐದು ಏಟು ಬಿದ್ದರೆ ಆಟ ಮುಗಿಯಿತು. ಇದನ್ನು ಬರೀ ಅದೃಷ್ಟ ಅನ್ನಲಾಗದು.

ಹಾಗಾದರೆ ದುಡ್ಡಿದ್ದವನೇ ಗೆಲ್ಲುವುದಿಲ್ಲವೆ? ಆ ಅನುಮಾನ ಆಗಲೇ ಇತ್ತು. ಟೂರ್ನಿಯಲ್ಲಿ ಒಂದೇ ಹೆಸರಿನ ಕಾರ್ಡು ನಾಲ್ಕಕ್ಕಿಂತ ಹೆಚ್ಚು ಇರಕೂಡದು (ಆಟ ನಡೆಯಲು ಬೇಕಾದ ಮೂಲ ‘ಲ್ಯಾಂಡ್’ ಕಾರ್ಡುಗಳನ್ನು ಬಿಟ್ಟು), ‘ಬ್ಲ್ಯಾಕ್ ಲೋಟಸ್’‌ನಂಥ ಭಾರಿ ಕಾರ್ಡು ಒಂದೇ ಎಂದು ಕಟ್ಟುಮಾಡಿದ್ದರು. ಈ ಕಡಿವಾಣ ಬೇಕೇಬೇಕಿತ್ತು.

ಕಡಿವಾಣ ಬೀಳದ ಜಾಗ ಅಂಗಡಿ. ಆಗಿನ ಮೂಲ ಪ್ಯಾಕೆಟ್ಟಿನಲ್ಲಿ 15 ಕಾರ್ಡು, ಅವುಗಳಲ್ಲಿ ಅಪರೂಪದ್ದು ಒಂದು. ಯಾವುದು ಎಂಬುದು ಒಡೆದ ಮೇಲೆಯೇ ಗೊತ್ತು. ನಮ್ಮ ಎಪಿಎಂಸಿಯಲ್ಲಿ ಉಂಡೆ ಕೊಬ್ಬರಿಯನ್ನು ಕಣ್ಣಲ್ಲಿ ನೋಡದೆ ಯಾವ ವರ್ತಕ ತಾನೇ ಟೆಂಡರ್ ಹಾಕುತ್ತಾನೆ? ಮಕ್ಕಳು ಮಾತ್ರ ಹೊಲಿದ ಚೀಲವನ್ನೇ ಕೊಳ್ಳಬೇಕು. ‘ಇನ್ನೊಂದೇ ಪ್ಯಾಕೆಟ್’ ಎಂಬ ಚಪಲ ಹುಟ್ಟುವುದು ಅಲ್ಲಿ. ಜೂಜಿನ ವಾಸನೆ ಇರುವುದು ಆಟದಲ್ಲಲ್ಲ, ಈ ವ್ಯಾಪಾರದಲ್ಲಿ.

ಕಾರ್ಡಿನಾಟ ನಮಗೇನೂ ಪರದೇಶದ್ದಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ‘ಶ್ರೀತತ್ತ್ವನಿಧಿ’ಯಲ್ಲಿ ಗಂಜೀಫಾಕ್ಕೆ ಜಾಗವಿದೆ. ದಶಾವತಾರ ಗಂಜೀಫಾದ 120 ಎಲೆಗಳಲ್ಲಿ ಒಂದೊಂದು ಅವತಾರಕ್ಕೂ 12. ಕಟ್ಟು ಒಮ್ಮೆ ಕೈಗೆ ಬಂದರೆ ಮತ್ತೆ ಕೊಳ್ಳುವುದೇನಿಲ್ಲ.

ಮಗ ಕೇಳಿದರೆ ಗದರಬೇಡಿ. ಒಳಗೆ ಯಾವ್ಯಾವ ಕಾರ್ಡಿದೆ ಎಂದು ಮೊದಲೇ ಗೊತ್ತಿರುವ ಸಿದ್ಧ ಡೆಕ್‌ಗಳೂ ಸಿಗುತ್ತವೆ. ಅಂಥವು ಎರಡು ತಂದುಕೊಟ್ಟು, ಒಂದನ್ನು ಹಿಡಿದು ನೀವೇ ಎದುರು ಕೂತುಕೊಳ್ಳಿ.