ಬನ್ನಿಯೂ ಬಳ್ಳಾರಿ ಜಾಲಿಯೂ

ವಿಜಯದಶಮಿಯಂದು ಬನ್ನಿಯ ಎಲೆಯನ್ನಿತ್ತು ಹಿರಿಯರಿಗೆ ನಮಸ್ಕರಿಸುವ ಪದ್ಧತಿ ಕನ್ನಡನಾಡಿನಿಂದ ನಮ್ಮೊಡನೆ ಬಂದುದು. ಆದರೆ ಬನ್ನಿಯ ಮರವನ್ನು ನಾವು ಹೊತ್ತು ತರಬೇಕಾಗಿರಲಿಲ್ಲ. ಗುಜರಾತಿನವರು ಖೀಜಡೊ ಎಂದು ಕರೆಯುವ ಮರವೇ ನಮ್ಮ ಬನ್ನಿ. ವಡೋದರೆಯ ಆಲ್ಕಾಪುರಿಯ ಬೀದಿಗಳಲ್ಲಿ ಅದು ಸುಲಭವಾಗಿ ಕಾಣದಿರಬಹುದು. ಅದರ ನಿಜವಾದ ಮನೆ ಕಚ್ಛ, ರಾಜಸ್ಥಾನಗಳ ಒಣನೆಲ.

ಮರುಭೂಮಿಯೆಂದರೆ ಏನೂ ಬೆಳೆಯದ ಬರಡುನೆಲವೆಂದು ನಮ್ಮಲ್ಲಿ ಅನೇಕರು ತಿಳಿದಿರುವೆವು. ಈ ತಿಳಿವಳಿಕೆ ಸರಿಯಲ್ಲ. ಮರುಭೂಮಿಯು ಹೊಸ ಸಸ್ಯಜಾತಿಗಳನ್ನು ರೂಪಿಸುವ ಕಮ್ಮಟವೆಂಬುದೇ ನಮ್ಮ ಅಭಿಪ್ರಾಯ.

ಅದು ಹೇಗೆಂಬುದನ್ನು ವಿಚಾರಿಸೋಣ. ಒಂದೇ ಗಿಡದ ಬೀಜಗಳಿಂದ ಹುಟ್ಟಿದ ಸಸಿಗಳೆಲ್ಲವೂ ಒಂದೇ ತೆರನಾಗಿರುವುದಿಲ್ಲ. ಒಂದರ ಬೇರು ತುಸು ಆಳಕ್ಕೆ ಇಳಿದೀತು; ಇನ್ನೊಂದರ ಎಲೆ ತುಸು ಕಿರಿದಾಗಿದ್ದೀತು. ಮಳೆ ಹೇರಳವಾಗಿರುವಲ್ಲಿ ಇಂತಹ ಭೇದಕ್ಕೆ ಹೆಚ್ಚು ಬೆಲೆಯಿಲ್ಲ. ನೀರೇ ಇಲ್ಲದಲ್ಲಿ ಬದುಕುವುದೂ ಸಾಯುವುದೂ ಅದರಿಂದಲೇ ನಿರ್ಧಾರವಾಗುವುದು. ಬದುಕಿ ಉಳಿದುವು ಮಾತ್ರ ಬೀಜ ಬಿಡುವುವು. ಅವುಗಳ ಗುಣ ಸಂತತಿಗೆ ಸಾಗುವುದು. ಇದನ್ನೇ ಡಾರ್ವಿನ್ನನು 1859ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಪ್ರಕೃತಿಯ ಆಯ್ಕೆಯೆಂದು ವಿವರಿಸಿದನು. ಮರಳೋ ಉಪ್ಪುನೆಲವೋ ನಡುವೆ ಹಬ್ಬಿ, ಒಂದು ಬಳಗದ ಪರಾಗವು ಇನ್ನೊಂದನ್ನು ಮುಟ್ಟದಂತಾದರೆ, ಬಹುಕಾಲದ ಮೇಲೆ ಅವೆರಡೂ ಕೂಡಿ ಸಂತಾನ ಪಡೆಯಲಾರದಷ್ಟು ಭಿನ್ನವಾಗುವುವು. ಆಗ ಹೊಸ ಜಾತಿ ಹುಟ್ಟಿತೆನ್ನಬೇಕು.

ಇದೇ ಬಗೆಯ ಕೆಲಸ ಅಮೆರಿಕ ಖಂಡದ ಒಣಪ್ರದೇಶಗಳಲ್ಲಿಯೂ ನಡೆಯಿತು. ಬಳ್ಳಾರಿ ಜಾಲಿ ಅಲ್ಲಿಯ ಮರ. ಬನ್ನಿಯಂತೆಯೇ ಅದಕ್ಕೂ ಮುಳ್ಳುಂಟು, ಕಿರಿಯ ಎಲೆಗಳುಂಟು, ಆಳಕ್ಕಿಳಿಯುವ ಬೇರುಂಟು. ಈ ಹೋಲಿಕೆಯಿಂದ ಎರಡನ್ನೂ ಬಹುಕಾಲ ಪ್ರೊಸೋಪಿಸ್ ಎಂಬ ಒಂದೇ ಕುಲಕ್ಕೆ ಸೇರಿಸಿದ್ದರು. ವಂಶವಾಹಿಗಳನ್ನು ಪರೀಕ್ಷಿಸಿದಾಗ ಅವು ಅಷ್ಟು ಹತ್ತಿರದ ಬಂಧುಗಳಲ್ಲವೆಂದು ತಿಳಿಯಿತು. 2022ರಲ್ಲಿ ವಿಜ್ಞಾನಿಗಳು ಅಮೆರಿಕದ ಮರವನ್ನು ನೆಲ್ಟುಮ ಎಂಬ ಬೇರೆ ಕುಲಕ್ಕೆ ಸೇರಿಸಿದರು.

ಬೇರೆ ಬೇರೆ ನೆಲಗಳಲ್ಲಿ ರೂಪುಗೊಂಡ ಇಂತಹ ಮರಗಳನ್ನು ಮನುಷ್ಯನು ಅವಸರದಿಂದ ಒಂದೆಡೆಗೆ ತಂದನು. ಕಚ್ಛದಲ್ಲಿ ಬನ್ನಿ ಎಂಬ ವಿಶಾಲವಾದ ಹುಲ್ಲುಗಾವಲಿದೆ. ಹೆಸರು ಒಂದಾದರೂ ನಮ್ಮ ಮರಕ್ಕೂ ಅದಕ್ಕೂ ಸಂಬಂಧವಿಲ್ಲ. ರಣದ ಉಪ್ಪು ಮುಂದೊತ್ತಿ ಬರುವುದನ್ನು ತಡೆಯಲೆಂದು 1961ರಲ್ಲಿ ಅಲ್ಲಿ ಅರಣ್ಯ ಇಲಾಖೆಯು ಬಳ್ಳಾರಿ ಜಾಲಿಯನ್ನು ಬೆಳೆಸತೊಡಗಿತು. ಉದ್ದೇಶ ಒಳ್ಳೆಯದೇ. ಆದರೆ ದನಕರುಗಳು ಕಾಯಿಗಳನ್ನು ತಿಂದು, ಸಗಣಿಯೊಡನೆ ಬೀಜಗಳನ್ನು ಎಲ್ಲೆಡೆ ಚೆಲ್ಲಿದುವು. ಜಾಲಿ ಹಬ್ಬಿತು, ಹುಲ್ಲು ಹಿಮ್ಮೆಟ್ಟಿತು, ಎಮ್ಮೆ ದನಗಳನ್ನೇ ನಂಬಿದ ಮಾಲಧಾರಿಗಳಿಗೆ ಮೇವಿನ ಚಿಂತೆ ಬಂದೊದಗಿತು. ಗುಜರಾತಿನ ಜನ ಅದನ್ನು ಗಾಂಡೊ ಬಾವಳ, ಎಂದರೆ ಹುಚ್ಚು ಜಾಲಿ, ಎನ್ನುವರು. ಅದರಿಂದ ಸೌದೆಯೂ ಇದ್ದಿಲೂ ದೊರೆತು ಹಲವರ ಒಲೆ ಉರಿಯುತ್ತಿರುವುದು ದಿಟ. ಮರಕ್ಕೆ ಹುಚ್ಚೆಂಬ ಹೆಸರು ಬಂದರೂ ತಪ್ಪು ಮರದ್ದಲ್ಲ. ಬರಿಯ ನೆಲವೆಂದು ತಿಳಿದ ನಮ್ಮ ಕಣ್ಣಿನದು.

1950ರಲ್ಲಿ ಗುಜರಾತಿನವರೇ ಆದ ಕೆ. ಎಂ. ಮುನ್ಶಿಯವರು ವನಮಹೋತ್ಸವವನ್ನು ಆರಂಭಿಸಿದರು. ಅದನ್ನು ನಾವು ಉತ್ಸಾಹದಿಂದಲೇ ಆಚರಿಸೋಣ. ಆದರೆ ಗುಂಡಿ ತೋಡುವ ಮುನ್ನ, ಈ ನೆಲ ತಾನಾಗಿ ಬೆಳೆಸಿದ ಗಿಡ ಯಾವುದೆಂದು ಕೇಳಿ ತಿಳಿಯೋಣ. ಸಸಿ ನೆಡಲು ಒಂದು ಮಳೆಗಾಲ ಸಾಕು. ಒಂದು ಜಾತಿ ರೂಪುಗೊಳ್ಳಲು ಮನುಷ್ಯನ ಎಣಿಕೆಗೆ ಸಿಗದಷ್ಟು ತಲೆಮಾರುಗಳು ಬೇಕು. ವಿದ್ಯಾರ್ಥಿಮಿತ್ರರೇ, ಮುಂದಿನ ವಿಜಯದಶಮಿಯಂದು ಬನ್ನಿಯ ಎಲೆ ಕೈಗೆ ಬಂದಾಗ, ನೀರಿಲ್ಲದ ನೆಲವೇ ಅದನ್ನು ರೂಪಿಸಿತೆಂಬುದನ್ನು ನೆನೆಯಿರಿ. ಅದನ್ನು ಬಂಗಾರವೆಂದು ಕರೆದ ನಮ್ಮ ಹಿರಿಯರ ಮಾತು ಬರಿಯ ಉಪಚಾರವಲ್ಲ.