ಕಾರು ಬಂತು, ಮನೆಯ ಕರೆಂಟು ಸಿದ್ಧವಿದೆಯೆ?



ನಮ್ಮ ಯುಗಾದಿ, ದೀಪಾವಳಿ ಕಾರ್ಯಕ್ರಮಗಳ ದಿನ ಹಾಲಿನ ಹೊರಗೆ ಒಂದು ಸುತ್ತು ಹಾಕಿ ಬನ್ನಿ. ಸಿಡ್ನಿಯಾಗಲಿ, ಮೆಲ್ಬರ್ನ್ ಆಗಲಿ, ಬ್ಯಾಟರಿ ಕಾರುಗಳ ಸಾಲು ವರ್ಷದಿಂದ ವರ್ಷಕ್ಕೆ ಉದ್ದವಾಗುತ್ತಿದೆ. 2022ರ ಜುಲೈನಿಂದ ಕಂಪನಿಯ ಮೂಲಕ ಲೀಸ್ ಮಾಡಿದ ಇಂಥ ಕಾರುಗಳಿಗೆ ಎಫ್.ಬಿ.ಟಿ. ವಿನಾಯಿತಿ ಬಂದ ಮೇಲಂತೂ ನಮ್ಮ ಐಟಿ ಮಿತ್ರರು ಮುಗಿಬಿದ್ದು ಕೊಂಡರು. ಕೊಂಡದ್ದಕ್ಕೆ ನಮ್ಮ ಆಕ್ಷೇಪವಿಲ್ಲ. 2001ರಲ್ಲೇ ಬೆಂಗಳೂರಿನಿಂದ ‘ರೇವಾ’ ಹೊರಬಂದದ್ದನ್ನು ಕಂಡವರು ನಾವು. ನಮ್ಮ ತಕರಾರು ಬೇರೆ. ಅರವತ್ತು ಸಾವಿರ ಡಾಲರಿನ ಕಾರಿನ ಬಣ್ಣಕ್ಕೆ, ಚಕ್ರಕ್ಕೆ ಮೂರು ತಿಂಗಳು ಚರ್ಚೆ ಮಾಡುವವರು, ಅದು ರಾತ್ರಿಯಿಡೀ ನೇತಾಡುವ ಪ್ಲಗ್ ಪಾಯಿಂಟಿನ ಬಗ್ಗೆ ಮೂರು ನಿಮಿಷವೂ ಯೋಚಿಸುವುದಿಲ್ಲ. ಆನೆ ಕೊಂಡವರು ಅಂಕುಶಕ್ಕೆ ಚೌಕಾಸಿ ಮಾಡುತ್ತಿದ್ದಾರೆ.

ನಾವು ನೋಡಿರುವುದನ್ನೇ ಹೇಳುತ್ತೇವೆ. ಲಾಂಡ್ರಿಯ ಪ್ಲಗ್‌ನಿಂದ ಎಕ್ಸ್‌ಟೆನ್ಷನ್ ವೈರು, ಕಿಟಕಿಯ ಸಂದಿಯಿಂದ ಹೊರಗೆ, ಹುಲ್ಲಿನ ಮೇಲೆ ಹಾದು, ಉಳಿದದ್ದು ಸುರುಳಿಯಾಗಿಯೇ ಬಿದ್ದಿದೆ. ಮಳೆ ಬಂದರೆ ಮೇಲೊಂದು ಪ್ಲಾಸ್ಟಿಕ್ ಚೀಲ. ಕೇಳಿದರೆ, “ಆರು ತಿಂಗಳಿಂದ ನಡೀತಾ ಇದೆ ಸಾರ್, ಏನೂ ಆಗಿಲ್ಲ” ಎಂಬ ಉತ್ತರ. ಇಲ್ಲಿಯ ಸಾಮಾನ್ಯ ಪ್ಲಗ್ ಪಾಯಿಂಟು 10 ಆಂಪಿಯರ್‌ನದು, 230 ವೋಲ್ಟ್‌ನಲ್ಲಿ 2.3 ಕಿಲೋವ್ಯಾಟ್. ನೀರು ಕಾಯಿಸುವ ಕೆಟಲ್ ಕೂಡ ಹೆಚ್ಚುಕಡಿಮೆ ಅಷ್ಟೇ ಎಳೆಯುತ್ತದೆ, ಆದರೆ ಕಾಫಿಗೆ ನೀರು ಕುದಿಯುವಷ್ಟು ಹೊತ್ತು ಮಾತ್ರ. ಕಾರು ಎಂಟು ಗಂಟೆ ಒಂದೇ ಸಮನೆ ಎಳೆಯುತ್ತದೆ. ಸಡಿಲವಾದ ಹಳೆಯ ಸಾಕೆಟ್ಟು ಆಗ ಬಿಸಿಯಾಗುತ್ತದೆ. ಸುರುಳಿ ಸುತ್ತಿದ ವೈರು ತನ್ನ ಶಾಖವನ್ನು ಹೊರಗೆ ಬಿಡಲಾರದೆ ಒಳಗೊಳಗೇ ಬೇಯುತ್ತದೆ. ಮನೆಯವರೆಲ್ಲ ಮಲಗಿದ್ದಾಗ ಇದು ನಡೆಯುತ್ತದೆ ಎಂಬುದನ್ನು ಮರೆಯಬಾರದು.

ಇನ್ನೊಂದು ಜಾಣತನವೂ ಇದೆ. 15 ಆಂಪಿಯರ್ ಪ್ಲಗ್‌ನ ಅರ್ತ್ ಪಿನ್ ಅಗಲ, 10 ಆಂಪಿಯರ್ ಸಾಕೆಟ್ಟಿಗೆ ಹೋಗುವುದಿಲ್ಲ. ಹೋಗಬಾರದೆಂದೇ ಹಾಗೆ ಮಾಡಿದ್ದಾರೆ. ಅದನ್ನು ಅರದಿಂದ ಉಜ್ಜಿ ತೂರಿಸುವವರಿದ್ದಾರೆ. ಊರಿನಲ್ಲಿ ಫ್ಯೂಸ್ ಹೋದಾಗ ಫ್ಯೂಸ್ ತಂತಿಯ ಬದಲು ಕೈಗೆ ಸಿಕ್ಕಿದ ದಪ್ಪ ತಾಮ್ರದ ಎಳೆ ಕಟ್ಟಿ, “ಇನ್ನು ಹೋಗೋದೇ ಇಲ್ಲ ನೋಡಿ” ಎನ್ನುತ್ತಿದ್ದ ಅಭ್ಯಾಸವನ್ನು ಸೂಟ್‌ಕೇಸಿನಲ್ಲಿ ಹಾಕಿಕೊಂಡು ಬಂದಂತಿದೆ.

“ಹಾಗಾದರೆ ದೊಡ್ಡದೇ ಹಾಕಿಸೋಣ, 22 ಕಿಲೋವ್ಯಾಟ್” ಎನ್ನುವ ಪಂಗಡವೂ ಹುಟ್ಟಿಕೊಂಡಿದೆ. ಇವರೊಂದಿಗೂ ನಮಗೆ ಜಗಳವಿದೆ. ದಿನಕ್ಕೆ 40 ಕಿಲೋಮೀಟರ್ ಓಡಿಸುವ ಮನೆಗೆ ಬೇಕಾದದ್ದು ಸುಮಾರು 7 ಯೂನಿಟ್. ಅದು 10 ಆಂಪಿಯರ್‌ನಲ್ಲೇ ಮೂರೂವರೆ ಗಂಟೆಯ ಕೆಲಸ. ಆ ಪಾಯಿಂಟಿಗೆ ಸ್ವಿಚ್‌ಬೋರ್ಡಿನಿಂದ ನೇರವಾಗಿ ಪ್ರತ್ಯೇಕ ವೈರು ಎಳೆದು, ಅದಕ್ಕೇ ಮೀಸಲಾದ ಸೇಫ್ಟಿ ಸ್ವಿಚ್ ಹಾಕಿಸಿದರೆ ಬಹುಪಾಲು ಮನೆಗಳಿಗೆ ಅಷ್ಟೇ ಸಾಕು. ಹೆಚ್ಚು ಬೇಕಾದವರಿಗೆ ಸಿಂಗಲ್ ಫೇಸಿನಲ್ಲೇ 32 ಆಂಪಿಯರ್, ಅಂದರೆ 7 ಕಿಲೋವ್ಯಾಟ್‌ನ ಗೋಡೆ ಚಾರ್ಜರ್ ಇದೆ. ಮಾರುಕಟ್ಟೆಯ ಹೆಚ್ಚಿನ ಕಾರುಗಳು ಮನೆಯ ಎಸಿ ಕರೆಂಟನ್ನು 7 ಅಥವಾ 11 ಕಿಲೋವ್ಯಾಟ್‌ಗಿಂತ ಹೆಚ್ಚು ನುಂಗುವುದೇ ಇಲ್ಲ. 22ರ ಪೆಟ್ಟಿಗೆ ಪಕ್ಕದ ಮನೆಯವರಿಗೆ ತೋರಿಸಲಷ್ಟೇ.

ಆದರೆ ಆ 7 ಕಿಲೋವ್ಯಾಟೂ ಸಣ್ಣ ಹೊರೆಯಲ್ಲ. ಸಿಂಗಲ್ ಫೇಸ್ ಮನೆಗೆ 63 ಆಂಪಿಯರ್ ಮುಖ್ಯ ಫ್ಯೂಸ್ ಇದೆ ಎಂದುಕೊಳ್ಳಿ. ಒಟ್ಟು ಸಿಗುವುದು ಸುಮಾರು 14.5 ಕಿಲೋವ್ಯಾಟ್. ಹಬ್ಬದ ದಿನ ನಾಲ್ಕೂ ಇಂಡಕ್ಷನ್ ಒಲೆ, ಓವನ್, ಮನೆಯಿಡೀ ಎ.ಸಿ. ಸೇರಿದರೆ ಅಲ್ಲಿಗೇ ಲೆಕ್ಕ ಮುಗಿಯಿತು. ಆಮೇಲೆ ಕಾರು. ಮುಖ್ಯ ವೈರಿಗೆ ಅಳತೆಯ ಬಳೆಯೊಂದನ್ನು ತೊಡಿಸಿ, ಮನೆಯ ಬಳಕೆ ಏರಿದಾಗ ಕಾರಿಗೆ ಹೋಗುವ ಕರೆಂಟನ್ನು ತಾನಾಗಿಯೇ ಇಳಿಸುವ ಲೋಡ್ ಮ್ಯಾನೇಜ್‌ಮೆಂಟ್ ಏರ್ಪಾಡು ಈಗ ಸಿಗುತ್ತದೆ. ಕೊಟೇಶನ್ನಿನಲ್ಲಿ ಅದು ಇದೆಯೇ ಎಂದು ಕೇಳಿ. ಕೇಳದಿದ್ದರೆ ಅದನ್ನು ಬಿಟ್ಟು ದರ ಇಳಿಸಿ ಕೊಡುವವರೇ ಹೆಚ್ಚು.

ವೆಂಟ್‌ವರ್ತ್‌ವಿಲ್, ಕ್ಲೇಟನ್ ಮುಂತಾದ ಕಡೆ ಹಳೆಯ ಮನೆ ಕೊಂಡವರು ಮೀಟರ್ ಪೆಟ್ಟಿಗೆಯ ಬಾಗಿಲನ್ನು ಒಮ್ಮೆ ತೆರೆದು ನೋಡಬೇಕು. ಪಿಂಗಾಣಿ ಫ್ಯೂಸ್‌ಗಳಿದ್ದರೆ ಬೋರ್ಡನ್ನೇ ಬದಲಿಸದೆ ಕಾರಿನ ಮಾತೇ ಬೇಡ. ಹಿಂದಿನ ಕಪ್ಪು ಹಲಗೆಯಲ್ಲಿ ಆಸ್ಬೆಸ್ಟಾಸ್ ಇರುವುದೂ ಉಂಟು. ಆಸ್ಬೆಸ್ಟಾಸ್ ಈ ದೇಶದಲ್ಲಿ ಪೂರ್ತಿ ನಿಷೇಧವಾದದ್ದು 2003ರ ಕೊನೆಯಲ್ಲಿ, ಅದಕ್ಕೂ ಹಿಂದಿನ ಬೋರ್ಡಿಗೆ ನೀವಾಗಿ ಡ್ರಿಲ್ ಹಾಕಬೇಡಿ.

ನಮಗೆ ಹೆಚ್ಚು ಸಿಟ್ಟು ಬರುವುದು ಹೊಸ ಮನೆ ಕಟ್ಟುವವರ ಮೇಲೆ. ಟಾರ್ನೀಟ್, ಕ್ರೇಗಿಬರ್ನ್, ಸ್ಕೋಫೀಲ್ಡ್ಸ್, ಮಾರ್ಸ್‌ಡನ್ ಪಾರ್ಕ್ ಎಲ್ಲೆಡೆ ನಮ್ಮವರು ಕಟ್ಟುತ್ತಿದ್ದಾರೆ. ಅಡುಗೆಮನೆಯ ಕಲ್ಲಿಗೆ, ಥಿಯೇಟರ್ ರೂಮಿಗೆ, ಮುಂಬಾಗಿಲ ಎತ್ತರಕ್ಕೆ ಬಿಲ್ಡರ್ ಕೇಳಿದಷ್ಟು ಕೊಡುತ್ತಾರೆ. ತ್ರೀ ಫೇಸ್ ಸಂಪರ್ಕ, ಗ್ಯಾರೇಜಿಗೆ ಒಂದು ಖಾಲಿ ಪೈಪು, ಬೋರ್ಡಿನಲ್ಲಿ ನಾಲ್ಕು ಖಾಲಿ ಜಾಗ ಎಂದರೆ, “ಆಮೇಲೆ ನೋಡೋಣ”. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು! ನೆಲದ ಕಾಂಕ್ರೀಟು ಬೀಳುವ ಮೊದಲು, ಗೋಡೆ ಮುಚ್ಚುವ ಮೊದಲು ಪೈಪು ಹಾಕುವುದಕ್ಕೂ, ಆಮೇಲೆ ಡ್ರೈವ್‌ವೇ ಅಗೆಯುವುದಕ್ಕೂ ಖರ್ಚಿನಲ್ಲಿ ಅಜಗಜಾಂತರ. ಅದೂ ವಿಕ್ಟೋರಿಯಾದಲ್ಲಿ 2024ರ ಜನವರಿ 1ರಿಂದ, ಪ್ಲಾನಿಂಗ್ ಪರ್ಮಿಟ್ ಬೇಕಾದ ಹೊಸ ಮನೆಗಳಿಗೆ ಗ್ಯಾಸ್ ಸಂಪರ್ಕವೇ ಇಲ್ಲ. ಅಡುಗೆ, ಬಿಸಿನೀರು, ಚಳಿಗೆ ಶಾಖ ಎಲ್ಲವೂ ಕರೆಂಟೇ. (ಜೋಳದ ರೊಟ್ಟಿಯನ್ನು ಉರಿಯ ಮೇಲೆ ಉಬ್ಬಿಸುವ ಚಿಂತೆ ಬೇರೆ ಇದೆ, ಅದನ್ನು ಮಹಿಳಾ ವಿಭಾಗಕ್ಕೆ ಬಿಡುವುದೂ ನ್ಯಾಯವಲ್ಲ, ರೊಟ್ಟಿ ಎಲ್ಲರೂ ತಿನ್ನುತ್ತೇವೆ.)

ಇನ್ನು ಕೆಲಸ ಯಾರು ಮಾಡಬೇಕು? ನಮ್ಮ ಸಂಘದಲ್ಲಿ ಬಿ.ಇ. ಎಲೆಕ್ಟ್ರಿಕಲ್ ಪದವೀಧರರಿಗೆ ಬರವಿಲ್ಲ. ಆದರೆ ದಾವಣಗೆರೆಯ ಪದವಿ ಇಲ್ಲಿಯ ಲೈಸೆನ್ಸ್ ಅಲ್ಲ. ಲೈಸೆನ್ಸ್ ಇಲ್ಲದವರು ಮನೆಯ ವೈರಿಂಗ್ ಮುಟ್ಟುವುದು ಎರಡೂ ರಾಜ್ಯಗಳಲ್ಲಿ ಕಾನೂನುಬಾಹಿರ. ಕೆಲಸ ಮುಗಿದ ಮೇಲೆ ವಿಕ್ಟೋರಿಯಾದಲ್ಲಿ ಸರ್ಟಿಫಿಕೇಟ್ ಆಫ್ ಎಲೆಕ್ಟ್ರಿಕಲ್ ಸೇಫ್ಟಿ, ನ್ಯೂ ಸೌತ್ ವೇಲ್ಸ್‌ನಲ್ಲಿ ಸರ್ಟಿಫಿಕೇಟ್ ಆಫ್ ಕಂಪ್ಲಯನ್ಸ್ ಕೈಗೆ ಬರಬೇಕು. ಬೆಂಕಿ ಬಿದ್ದ ಮೇಲೆ ಇನ್ಶೂರೆನ್ಸಿನವರು ಕೇಳಬಹುದಾದ ಕಾಗದ ಅದೇ. “ನಮ್ಮ ಹುಡುಗ, ಕ್ಯಾಶ್ ಕೊಟ್ಟರೆ ಮಾಡಿಕೊಡ್ತಾನೆ” ಎಂಬ ಮಾತನ್ನು ನಮ್ಮ ಸಮಾರಂಭಗಳಲ್ಲಿ ಇನ್ನು ಕೇಳಲು ನಮಗೆ ಇಷ್ಟವಿಲ್ಲ.

ಚಾರ್ಜ್ ಮಾಡುವ ಹೊತ್ತಿನ ಬಗ್ಗೆ ನಮ್ಮ ರೈತರಿಗೆ ಪಾಠ ಬೇಕಿಲ್ಲ. ತ್ರೀ ಫೇಸ್ ಬಂದ ಹೊತ್ತಿಗೆ ಅಪರಾತ್ರಿಯಲ್ಲಿ ಎದ್ದು ಪಂಪ್‌ಸೆಟ್ ಹಾಕಿದವರ ಮಕ್ಕಳು ನಾವು. ಇಲ್ಲಿ ಏಳಬೇಕಿಲ್ಲ, ಟೈಮರ್ ಇದೆ. ಸಂಜೆ ಆರಕ್ಕೆ ಮನೆಗೆ ಬಂದ ಕೂಡಲೇ, ದರ ಏರಿರುವ ಹೊತ್ತಿನಲ್ಲೇ, ಪ್ಲಗ್ ಸಿಕ್ಕಿಸುವುದೇಕೆ? ಸೋಲಾರ್ ಇರುವವರಂತೂ ಮನೆಯಿಂದ ಕೆಲಸ ಮಾಡುವ ದಿನ ಮಧ್ಯಾಹ್ನವೇ ತುಂಬಿಸಬಹುದು. ನ್ಯೂ ಸೌತ್ ವೇಲ್ಸ್‌ನಲ್ಲಿ ಗ್ರಿಡ್ಡಿಗೆ ಕೊಟ್ಟ ಯೂನಿಟ್ಟಿಗೆ 60 ಸೆಂಟ್ ಸಿಗುತ್ತಿದ್ದ ಯೋಜನೆ 2016ರ ಕೊನೆಗೇ ಮುಗಿಯಿತು.

ಅಪಾರ್ಟ್‌ಮೆಂಟುಗಳಲ್ಲಿರುವ, ಪ್ಯಾರಾಮಟ್ಟಾ, ವೆಸ್ಟ್‌ಮೀಡ್ ಕಡೆಯ ಸದಸ್ಯರು “ನಮ್ಮ ಸ್ಟ್ರಾಟಾದವರು ಬಿಡುವುದಿಲ್ಲ” ಎಂದು ಕೈಚೆಲ್ಲುತ್ತಾರೆ. ನ್ಯೂ ಸೌತ್ ವೇಲ್ಸ್‌ನ ಕಾನೂನು 2021ರಲ್ಲೇ ಬದಲಾಗಿದೆ. ಚಾರ್ಜಿಂಗ್‌ನಂಥ ಏರ್ಪಾಡಿಗೆ ಮೊದಲು ಕಾಲು ಭಾಗಕ್ಕಿಂತ ಹೆಚ್ಚು ಮತ ವಿರುದ್ಧ ಬಿದ್ದರೆ ಠರಾವು ಬಿದ್ದುಹೋಗುತ್ತಿತ್ತು. ಈಗ ತಡೆಯಬೇಕಾದರೆ ಸಭೆಯಲ್ಲಿ ಚಲಾಯಿಸಿದ ಮತದಲ್ಲಿ ಅರ್ಧದಷ್ಟಾದರೂ ವಿರುದ್ಧ ಇರಬೇಕು. ಸಭೆಗೆ ಹೋಗದವರ ಮತ ಲೆಕ್ಕಕ್ಕಿಲ್ಲ. ನಮ್ಮವರಲ್ಲಿ ಎಷ್ಟು ಮಂದಿ ಆ ಸಭೆಗಳಿಗೆ ಹೋಗುತ್ತೀರಿ? ಒಂದೇ ಕಟ್ಟಡದಲ್ಲಿ ನಾಲ್ಕಾರು ಕನ್ನಡ ಮನೆಗಳಿದ್ದರೆ ಮೊದಲು ಕುಳಿತು ಮಾತಾಡಿ, ಒಬ್ಬರು ಠರಾವು ಬರೆದು ಮುಂದಿನ ಸಭೆಯ ಅಜೆಂಡಾಕ್ಕೆ ಸಕಾಲದಲ್ಲಿ ಕಳುಹಿಸಿ, ಉಳಿದವರು ಆ ಸಂಜೆ ಹೋಗಿ ಮತ ಹಾಕಿ ಬನ್ನಿ.