ಓಡಿಸುವ ಮೋಟಾರು, ನಿಲ್ಲಿಸುವ ಪಿನ್ನು

‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಎಂಬ ಗಾದೆ ಎಲ್ಲರಿಗೂ ಗೊತ್ತು. ಮೈಸೂರಿನ ಕುಂಬಾರಕೊಪ್ಪಲಿನ ಹೆಸರಿನಲ್ಲೇ ಕುಂಬಾರರಿದ್ದಾರೆ. ಆಸುಪಾಸಿನಲ್ಲಿ ಹೆಬ್ಬಾಳ, ಮೇಟಗಳ್ಳಿಗಳ ಕಾರ್ಖಾನೆಗಳಿವೆ. ಕುಂಬಾರನ ಚಕ್ರದ ಮೇಲೆ ಮಣ್ಣು ತಿರುಗಿ ಮಡಕೆಯಾಗುತ್ತದೆ. ಮಿಲ್ಲಿಂಗ್ ಯಂತ್ರದಲ್ಲಿ ಹಲ್ಲುಗಳುಳ್ಳ ಕಟರ್ ತಿರುಗುತ್ತದೆ. ಅದರ ಕೆಳಗೆ ಟೇಬಲ್ಲಿನ ಮೇಲೆ ಸಾಗುವ ಉಕ್ಕಿನ ತುಂಡು ಸಪಾಟಾಗುತ್ತದೆ. ಎರಡು ಕಡೆಯೂ ಚಲನೆ ಏಕಸಮನಾಗಿರಬೇಕು. ಚಕ್ರಕ್ಕೆ ಆ ಗುಣ ಅದರ ಭಾರದಿಂದ, ಅಂದರೆ ಜಡತ್ವದಿಂದ ಬರುತ್ತದೆ. ಟೇಬಲ್ಲಿಗೆ ಎಲ್ಲಿಂದ ಬರಬೇಕು?

ಕುಂಬಾರಕೊಪ್ಪಲಿನ ಓಣಿಯಲ್ಲಿ ಒಂದು ಪುಟ್ಟ ವರ್ಕ್‌ಶಾಪನ್ನು ಊಹಿಸಿಕೊಳ್ಳಿ. ಯಜಮಾನರು ಹಳೆಯ ಮಿಲ್ಲಿಂಗ್ ಯಂತ್ರವೊಂದನ್ನು ಕೊಂಡಿದ್ದಾರೆ. ದಿನವಿಡೀ ಹ್ಯಾಂಡಲ್ ತಿರುಗಿಸಿ ಅವರ ಭುಜ ಸೋತಿದೆ. ಡಿಪ್ಲೊಮಾ ಓದುತ್ತಿರುವ ಮಗಳು, “ಅಪ್ಪಾ, ಇದಕ್ಕೊಂದು ಮೋಟಾರು ಕೂರಿಸೋಣ” ಎನ್ನುತ್ತಾಳೆ. “ಕೂರಿಸೋದೇನೋ ಸರಿ ಕಣಮ್ಮ, ಮೋಟಾರಿಗೆ ಕೈಯಷ್ಟು ಬುದ್ಧಿ ಇರುತ್ತಾ?” ಎಂಬುದು ತಂದೆಯ ಪ್ರಶ್ನೆ. ಇಬ್ಬರ ಮಾತಿನಲ್ಲೂ ವಿಜ್ಞಾನವಿದೆ.

ಮೊದಲು ಮಗಳ ಮಾತು. ಬೆಂಗಳೂರಿನಲ್ಲಿ 1953ರಲ್ಲಿ ಆರಂಭವಾದ ಎಚ್‌ಎಂಟಿ ಎಂದರೆ ಹಲವರಿಗೆ ಗಡಿಯಾರವೇ ನೆನಪು. ಆದರೆ ಹಿಂದೂಸ್ತಾನ್ ಮೆಷಿನ್ ಟೂಲ್ಸ್ ಗಡಿಯಾರಕ್ಕೆ ಮೊದಲು ತಯಾರಿಸಿದ್ದು ಯಂತ್ರಗಳನ್ನು. ದೊಡ್ಡ ಮಿಲ್ಲಿಂಗ್ ಯಂತ್ರಗಳಲ್ಲಿ ಟೇಬಲ್ಲನ್ನು ತಾನಾಗಿ ಸರಿಸುವ ‘ಪವರ್ ಫೀಡ್’ ಒಳಗೇ ಇರುತ್ತದೆ. ಅನೇಕ ಸಣ್ಣ ಯಂತ್ರಗಳಲ್ಲಿ ಇರುವುದು ಒಂದು ಸ್ಕ್ರೂ, ಅದರ ತುದಿಗೊಂದು ಹ್ಯಾಂಡಲ್, ಅಷ್ಟೆ.

ಸ್ಕ್ರೂವಿನ ಪಿಚ್ 5 ಮಿ.ಮೀ. ಎಂದಿಟ್ಟುಕೊಂಡರೆ, ಹ್ಯಾಂಡಲ್ ಒಂದು ಸುತ್ತು ತಿರುಗಿದಾಗ ಟೇಬಲ್ 5 ಮಿ.ಮೀ. ಸರಿಯುತ್ತದೆ. 400 ಮಿ.ಮೀ. ಸಾಗಲು 80 ಸುತ್ತು! ಇನ್ನು ವೇಗ ಎಷ್ಟಿರಬೇಕು? ನಾಲ್ಕು ಹಲ್ಲಿನ, 20 ಮಿ.ಮೀ. ವ್ಯಾಸದ ಹೈಸ್ಪೀಡ್ ಸ್ಟೀಲ್ ಕಟರ್ ಮೆದು ಉಕ್ಕನ್ನು ಕತ್ತರಿಸುವಾಗ ನಿಮಿಷಕ್ಕೆ ಸುಮಾರು 400 ಸುತ್ತು ತಿರುಗಬಹುದು. ಪ್ರತಿ ಹಲ್ಲೂ 0.05 ಮಿ.ಮೀ. ಮುನ್ನಡೆಯಬೇಕೆಂದರೆ, 400 × 4 × 0.05 = 80. ಅಂದರೆ ಟೇಬಲ್ಲಿನ ವೇಗ ನಿಮಿಷಕ್ಕೆ 80 ಮಿ.ಮೀ., ಹ್ಯಾಂಡಲ್ಲಿನ ವೇಗ ನಿಮಿಷಕ್ಕೆ 16 ಸುತ್ತು. ಹೀಗೆ ಐದು ನಿಮಿಷ ಒಂದೇ ಸಮನೆ ತಿರುಗಿಸಬೇಕು.

ಮನುಷ್ಯನ ಕೈಗೆ ಇದು ಕಷ್ಟ. ಕೈ ನಿಧಾನವಾದರೆ ಹಲ್ಲು ಲೋಹವನ್ನು ಕತ್ತರಿಸದೆ ಬರಿದೆ ಉಜ್ಜುತ್ತದೆ. ಶಾಖ ಹೆಚ್ಚಿ ಕಟರ್ ಮೊಂಡಾಗುತ್ತದೆ. ಕೈ ಆತುರಪಟ್ಟರೆ ಹಲ್ಲು ಮುರಿಯುತ್ತದೆ. ಕೈ ನಿಂತಲ್ಲೆಲ್ಲ ಮೇಲ್ಮೈಯಲ್ಲಿ ಗುರುತು ಉಳಿಯುತ್ತದೆ. ಪವರ್ ಫೀಡ್ ಕೊಡುವ ಮುಖ್ಯ ಲಾಭ ಬಲವಲ್ಲ, ಏಕರೂಪತೆ.

ಸಾಮಾನ್ಯ ಮೋಟಾರು ನಿಮಿಷಕ್ಕೆ ಸುಮಾರು 1440 ಸುತ್ತು ತಿರುಗುತ್ತದೆ. ಅದನ್ನು 16ಕ್ಕೆ ಇಳಿಸಲು 90ರಿಂದ ಭಾಗಿಸಬೇಕು. 30ಕ್ಕೆ 1ರ ವರ್ಮ್ ಗೇರ್, ಅದರ ನಂತರ 12 ಮತ್ತು 36 ಹಲ್ಲಿನ ಎರಡು ಚೈನ್ ಚಕ್ರಗಳು: 30 × 3 = 90. ಕಟರ್ ಬದಲಾದಂತೆ ಫೀಡಿನ ವೇಗವೂ ಬದಲಾಗಬೇಕಾದ್ದರಿಂದ, ವೇಗ ಹೊಂದಿಸಬಲ್ಲ ಡಿ.ಸಿ. ಮೋಟಾರು ಹೆಚ್ಚು ಅನುಕೂಲ. ವಾಹನದ ಗಾಜು ಒರೆಸುವ ವೈಪರ್ ಮೋಟಾರಿನಲ್ಲಿ ವರ್ಮ್ ಗೇರ್ ಒಳಗೇ ಇರುವುದರಿಂದ ಅದನ್ನು ಬಳಸುವವರೂ ಉಂಟು.

ಈಗ ತಂದೆಯ ಮಾತು. ವೇಗ ಇಳಿದಂತೆ ತಿರುಗುಬಲ ಏರುತ್ತದೆ. 1440 ಸುತ್ತಿನ ಕಾಲು ಅಶ್ವಶಕ್ತಿ ಮೋಟಾರಿನ ವೇಗವನ್ನು 90ರಿಂದ ಭಾಗಿಸಿ 5 ಮಿ.ಮೀ. ಪಿಚ್ಚಿನ ಸ್ಕ್ರೂವಿಗೆ ಜೋಡಿಸಿದರೆ, ಎಂಟರಲ್ಲಿ ಏಳು ಪಾಲು ಘರ್ಷಣೆಗೇ ಹೋದರೂ, ಟೇಬಲ್ಲನ್ನು ತಳ್ಳುವ ಬಲ ಒಂದೂವರೆ ಟನ್ ತೂಕವನ್ನು ಮೀರುತ್ತದೆ! ಟೇಬಲ್ ಕೊನೆ ಮುಟ್ಟಿದರೆ ಕೈಗೆ ತಿಳಿಯುತ್ತದೆ. ಕಟರ್ ನರಳಿದರೆ ಕಿವಿಗೆ ಕೇಳಿಸಿ ಕೈ ನಿಲ್ಲುತ್ತದೆ. ಮೋಟಾರಿಗೆ ಕೊನೆಯೂ ತಿಳಿಯದು, ಎದುರಿಗಿರುವುದು ಉಕ್ಕೋ ಬೆರಳೋ ಎಂಬುದೂ ತಿಳಿಯದು.

ಆದ್ದರಿಂದ ಕೈಗಿದ್ದ ತಿಳಿವಳಿಕೆಯನ್ನು ಒಂದೊಂದಾಗಿ ಯಂತ್ರಕ್ಕೆ ಕಲಿಸಬೇಕು. ಟೇಬಲ್ಲಿನ ಎರಡು ತುದಿಗೂ ಲಿಮಿಟ್ ಸ್ವಿಚ್ ಇರಲಿ. ಅದರ ತಂತಿ ತುಂಡಾದರೂ ಮೋಟಾರು ನಿಲ್ಲುವಂತೆ ಜೋಡಣೆಯಿರಲಿ. ಸ್ಕ್ರೂವಿಗೂ ಗೇರಿಗೂ ನಡುವೆ ಮೆದು ಲೋಹದ ತೆಳು ಪಿನ್ನೊಂದಿರಲಿ. ಒತ್ತಡ ಮಿತಿ ಮೀರಿದಾಗ ಆ ಪಿನ್ ತಾನು ಮುರಿದು ಉಳಿದುದನ್ನು ಕಾಯುತ್ತದೆ. ಫೀಡನ್ನು ಬಿಡಿಸಿ ಕೈಯಿಂದಲೂ ನಡೆಸಲು ಕ್ಲಚ್ ಬೇಕು. ಮೋಟಾರು ಓಡುವಾಗ ಜತೆಗೇ ತಿರುಗುವ ಹ್ಯಾಂಡಲ್ ಅಂಗಿಯ ತೋಳನ್ನೋ ದುಪಟ್ಟಾವನ್ನೋ ಸೆಳೆದೀತು. ಅದನ್ನು ತೆಗೆದಿಡುವ ಇಲ್ಲವೇ ಬಿಡಿಸುವ ಏರ್ಪಾಡಿರಬೇಕು. ಕೆಂಪು ಗುಂಡಿ ಕೈಗೆಟುಕುವಲ್ಲೇ ಇರಬೇಕು.

ಇನ್ನೊಂದು ವಿಷಯ ನಮ್ಮೂರುಗಳಿಗೆ ಮುಖ್ಯ. ಫೀಡಿನ ಮೋಟಾರು ಬ್ಯಾಟರಿಯಿಂದ ಓಡುತ್ತಿದ್ದು, ಕರೆಂಟು ಹೋಗಿ ಕಟರ್ ನಿಂತುಬಿಟ್ಟರೆ ಏನಾದೀತು? ಟೇಬಲ್ ಮಾತ್ರ ಸಾಗಿ ನಿಂತ ಕಟರನ್ನು ಮುರಿದುಹಾಕುತ್ತದೆ. ಕಟರ್ ತಿರುಗುತ್ತಿದ್ದರೆ ಮಾತ್ರ ಫೀಡ್ ಓಡಬೇಕು. ಕರೆಂಟು ಮರಳಿ ಬಂದಾಗಲೂ ಗುಂಡಿ ಒತ್ತದೆ ಯಾವುದೂ ಹೊರಡಬಾರದು.

ಹಳೆಯ ಯಂತ್ರವಾದರೆ ಮೋಟಾರಿಗೂ ಮೊದಲು ಒಂದು ಪರೀಕ್ಷೆ ಬೇಕು. ಹ್ಯಾಂಡಲ್ಲನ್ನು ಒಂದು ದಿಕ್ಕಿಗೆ ತಿರುಗಿಸಿ, ಬಳಿಕ ಹಿಂದಕ್ಕೆ ತಿರುಗಿಸಿ. ಟೇಬಲ್ ಅಲುಗುವ ಮೊದಲು ಡಯಲ್ ಎಷ್ಟು ಗೆರೆ ದಾಟಿತು? ಅಷ್ಟೂ ಸವೆದ ಸ್ಕ್ರೂ ಮತ್ತು ನಟ್ಟಿನ ನಡುವಣ ಸಡಿಲ. ಸಡಿಲವಿದ್ದಾಗ ಕಟರಿನ ಹಲ್ಲು ಸಾಗುವ ದಿಕ್ಕಿಗೇ ಟೇಬಲ್ಲನ್ನೂ ಸರಿಸಿದರೆ, ಕಟರ್ ಅದನ್ನು ತನ್ನತ್ತ ಎಳೆದುಕೊಂಡೀತು. ಯಾವ ಮೋಟಾರೂ ಇದನ್ನು ತಡೆಯದು. ಎದುರು ದಿಕ್ಕಿನಿಂದಲೇ ಸರಿಸಬೇಕು.

ಮಕ್ಕಳು ಗೇರು, ಮೋಟಾರು ಜೋಡಿಸಲು ಹೊರಟರೆ ತಂದೆತಾಯಿಗಳು ಬೇಡವೆನ್ನಬೇಕಿಲ್ಲ. ಆದರೆ ‘ಇದು ಓಡುವುದು ಹೇಗೆ?’ ಎಂದು ಕೇಳುವ ಮೊದಲು ‘ಇದು ನಿಲ್ಲುವುದು ಹೇಗೆ?’ ಎಂದು ಕೇಳಲಿ. ವರುಷದ ದುಡಿಮೆಯನ್ನು ನಿಮಿಷದ ದೊಣ್ಣೆಯಿಂದ ಕಾಯುವುದು ಕೆಲವೊಮ್ಮೆ ಮುರಿಯಲೆಂದೇ ಇಟ್ಟ ಒಂದು ಸಣ್ಣ ಪಿನ್ನು.